ಇಪ್ಪತ್ತಾರನೇ ಚಾನೆಲ್

ನವೆಂಬರಿನ ಮೂರನೇ ವಾರ, ಇಲ್ಲಿ ಬೇಸಿಗೆಯ ಬಾಗಿಲು. ಬಾರ್ಲಿ ಮುಗಿದು ಗೋಧಿಗೆ ಕೈ ಹಾಕುವ ಹೊತ್ತು. ಯಲಾಂಬಿ ಪೇಟೆಯ ಸುತ್ತ ಎತ್ತ ನೋಡಿದರೂ ಕೊಯ್ಲು ಯಂತ್ರಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಕಾಳಿನ ಉಗ್ರಾಣವಾದ ಸೈಲೋ ಮುಂದೆ ಲಾರಿಗಳ ಸಾಲು ರೈಲ್ವೆ ಗೇಟಿನ ತನಕ ಬೆಳೆದಿತ್ತು. ಇಂಥ ದಿನಗಳಲ್ಲಿ ಹೊಲ ಬಿಟ್ಟು ಯಾರೂ ಪೇಟೆಗೆ ಬರುವುದಿಲ್ಲ. ಬಂದರೆ ಯಂತ್ರದ ಬೆಲ್ಟು ಹರಿದಿರಬೇಕು, ಇಲ್ಲವೇ ಯಾರಾದರೂ ಸತ್ತಿರಬೇಕು. ಹದಿನೆಂಟನೇ ತಾರೀಖು ಮಂಗಳವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಆವಿಸ್ ಝಾಡೋ ಠಾಣೆಯ ಮೆಟ್ಟಿಲು ಹತ್ತುವುದನ್ನು ಕಿಟಕಿಯಿಂದ ಕಂಡಾಗಲೇ ಸಾರ್ಜೆಂಟ್ ಡೆಲಿಯಾ ಕೂಕೆಲ್ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟಳು.

ಆವಿಸ್‌ಗೆ ಅರವತ್ತಾರು. ಡೆಲಿಯಾಳನ್ನು ಫ್ರಾಕು ಹಾಕುವ ಕಾಲದಿಂದ ನೋಡಿದವಳು. ಕಟ್ಟಿಕೊಂಡಿದ್ದ ಏಪ್ರನ್ನು ಬಿಚ್ಚುವುದನ್ನೂ ಮರೆತು ಬಂದಿದ್ದಳು. ಬ್ರೆಡ್ಡಿನ ಖಾಲಿ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಾಗದ ಹಾಕಿಕೊಂಡು ಬಂದು ಮೇಜಿನ ಮೇಲಿಟ್ಟಳು. ಮುಟ್ಟಬಾರದು ಅಂತ ಟೀವಿಯಲ್ಲಿ ನೋಡಿದ್ದಳಂತೆ, ಮುಟ್ಟಿಬಿಟ್ಟ ಮೇಲೆ ನೆನಪಾಯಿತಂತೆ.

ಎರಡೂ ದಪ್ಪಕ್ಷರದಲ್ಲಿ, ಕಪ್ಪು ಪೆನ್ನಿನಲ್ಲಿ ಬರೆದವು. ರಸ್ತೆ ಬದಿಯ ಟಪಾಲು ಡಬ್ಬಿಯಲ್ಲಿ ಸಿಕ್ಕಿದ್ದು, ಅಂಚೆಚೀಟಿ ಇರಲಿಲ್ಲ. ಮೊದಲನೆಯದು ಹನ್ನೆರಡನೇ ತಾರೀಖು ಬುಧವಾರದ್ದು.

"ಕ್ಲೆಮ್, ನೋವು ಹತ್ತಕ್ಕೆ ಏಳು, ಹನಿ ಹಾಕಿದ ಮೇಲೆ ಮೂರು. ನಿದ್ದೆ ಬಂದರೆ ಸತ್ತ ಕುರಿಯ ಹಾಗೆ ಬಿದ್ದಿರುತ್ತೀಯ. ಆದರೂ ಲಾರಿ ಓಡಿಸುತ್ತೀಯ. ಲೈಸೆನ್ಸನ್ನು ಪೊಲೀಸಿಗೆ ಒಪ್ಪಿಸು."

ಎರಡನೆಯದು ಹಿಂದಿನ ದಿನ, ಸೋಮವಾರದ್ದು. "ಇನ್ನೂ ಒಪ್ಪಿಸಿಲ್ಲ. ನಿನ್ನ ಗೋಧಿಯಲ್ಲಿ ತೇವ ಒಂಬತ್ತು ಪಾಯಿಂಟ್ ಒಂದು. ಶುಕ್ರವಾರ ಉತ್ತರದ ಗಾಳಿ. ಉಳಿದದ್ದು ನಿನಗೆ ಗೊತ್ತು."

ಡೆಲಿಯಾ ಎರಡನೆಯದನ್ನು ಎರಡು ಸಲ ಓದಿದಳು. ಶುಕ್ರವಾರ ನಲವತ್ತಮೂರು ಡಿಗ್ರಿ, ಸಂಪೂರ್ಣ ಅಗ್ನಿ ನಿಷೇಧ ಎಂದು ರೇಡಿಯೋ ಆಗಲೇ ಹೇಳಿತ್ತು. ಅಂಥ ದಿನ ಅಷ್ಟು ಒಣಗಿದ ಗೋಧಿಗೆ ಕಿಡಿ ತಾಗಿದರೆ ಝಾಡೋ ಹೊಲ ಒಂದಕ್ಕೇ ನಿಲ್ಲುವ ಮಾತಲ್ಲ. ಮೊದಲು ಸುಡುವುದು ಮಾತ್ರ ಅವರ ಮನೆ.

ಆವಿಸ್ ಹೇಳಿದ್ದನ್ನು ಕಾನ್‌ಸ್ಟೇಬಲ್ ಫಾಮ್ ಬರೆದುಕೊಂಡ. ಅವನು ಅಡಿಲೇಡಿನಿಂದ ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಮೂರು ವರ್ಷದ ಹಿಂದೆ ಆವಿಸ್‌ಳ ಗಂಡ ಕ್ಲೆಮ್ ಕಾಳಿನ ತೊಟ್ಟಿಯ ಏಣಿಯಿಂದ ಬಿದ್ದು ಬೆನ್ನಿನ ಎರಡು ಮೂಳೆ ಮುರಿದುಕೊಂಡಿದ್ದ. ಮಾರ್ಫಿನ್ ಮಾತ್ರೆ ನುಂಗಿ ಒಂದೂವರೆ ವರ್ಷ ಮನೆಯಲ್ಲಿ ಪೀಠೋಪಕರಣದ ಹಾಗೆ ಕೂತಿದ್ದ. ಆಮೇಲೆ ಡಾಕ್ಟರು ಗಾಂಜಾ ಎಣ್ಣೆಯ ಹನಿ ಬರೆದುಕೊಟ್ಟರು. ಅದನ್ನು ತೆಗೆದುಕೊಳ್ಳುವ ರೋಗಿಗಳಿಗೆ ಆನ್‌ಲೈನಿನಲ್ಲಿ ಒಂದು ನೋಂದಣಿ ಇತ್ತು. ಕ್ಲೆಮ್‌ನ ಹೆಸರೂ ಅದಕ್ಕೆ ಸೇರಿತು. ಮೂರು ತಿಂಗಳಿಗೊಮ್ಮೆ ಪ್ರಶ್ನೆಗಳು ಬರುತ್ತವೆ: ನೋವೆಷ್ಟು, ನಿದ್ದೆ ಹೇಗೆ, ಮನಸ್ಸು ಹೇಗೆ, ವಾಹನ ಓಡಿಸುತ್ತೀರಾ. ಕ್ಲೆಮ್‌ಗೆ ಆ ಪ್ರಶ್ನೆಗಳೆಂದರೆ ಇಷ್ಟವಂತೆ. ಬೆನ್ನು ಹೇಗಿದೆ ಅಂತ ಇಷ್ಟು ಬಿಡಿಸಿ ಬಿಡಿಸಿ ಕೇಳುವವರು ಬೇರೆ ಯಾರೂ ಇರಲಿಲ್ಲ. ಪಬ್ಬಿನಲ್ಲಿ ಕೇಳಿದವರು ಉತ್ತರಕ್ಕೆ ನಿಲ್ಲುತ್ತಿರಲಿಲ್ಲ.

"ಈ ದೂರು ಅಂದ್ರೆ ನಮ್ಮ ತಪ್ಪು ನಾವೇ ಒಪ್ಪಿಕೊಂಡ ಹಾಗೆ, ಅಲ್ವಾ ಡೆಲಿಯಾ?" ಅಂದಳು ಆವಿಸ್.

ಅಲ್ಲ ಅನ್ನುವ ಹಾಗಿರಲಿಲ್ಲ. ಡಾಕ್ಟರ ಚೀಟಿ ಇದ್ದರೂ, ಎಂಜಲಲ್ಲಿ ಆ ಔಷಧದ ಅಂಶ ಸಿಕ್ಕರೆ ಗಾಡಿ ಓಡಿಸಿದ್ದು ಅಪರಾಧವೇ. ನಿನ್ನೆ ಹಾಕಿದ ಹನಿ ಇವತ್ತೂ ಸಿಗುತ್ತದೆ. ಇವತ್ತು ಬೆದರಿಕೆಯ ಬಗ್ಗೆ ಮಾತ್ರ ಬರೆದುಕೊಳ್ಳುತ್ತೇವೆ ಎಂದಳು ಡೆಲಿಯಾ. ಕ್ಲೆಮ್ ಹೇಗಿದ್ದಾರೆ ಎಂದು ಕೇಳಿದಳು.

"ಹೋದ ಬುಧವಾರದಿಂದ ಹನಿ ಬಿಟ್ಟಿದ್ದಾರೆ. ಕುರ್ಚಿಯಿಂದ ಏಳೋವಾಗ ಬಾಯಿಗೆ ಟವೆಲ್ ತುರುಕ್ಕೋತಾರೆ, ನನಗೆ ಕೇಳಿಸಬಾರದು ಅಂತ." ಆವಿಸ್ ಖಾಲಿ ಚೀಲವನ್ನು ಮಡಚಿದಳು, ಮತ್ತೆ ಮಡಚಿದಳು. "ಯಾರೋ ನಮ್ಮ ಅಡುಗೆಮನೆ ಒಳಗೇ ಕೂತಿದ್ದಾರೆ ಅನ್ನಿಸುತ್ತೆ. ಬೀರು ಬಾಗಿಲು ತೆಗೆದು ನೋಡ್ದೆ, ನಗಬೇಡ."

ಡೆಲಿಯಾ ನಗಲಿಲ್ಲ.

ದೂರು ದಾಖಲಾಗಿದ್ದು ಒಂಬತ್ತು ಐವತ್ತೈದಕ್ಕೆ. ಹನ್ನೊಂದು ಗಂಟೆಗೆ ಡೆಲಿಯಾ ನೋಂದಣಿಯ ಕಚೇರಿಗೆ ಫೋನು ಮಾಡಿದಳು. ಮಾಹಿತಿ ಅಲ್ಲಿಂದಲೇ ಸೋರಿದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೆ ಅಲ್ಲಿನ ಹೆಂಗಸು ಹೇಳಿದ ಮಾತು ಬೇರೆ. ರೋಗಿಗಳ ಹೆಸರು ಅಲ್ಲಿ ಯಾರಿಗೂ ಕಾಣುವುದಿಲ್ಲ, ಗುರುತಿನ ಸಂಖ್ಯೆ ಮಾತ್ರ. ಉತ್ತರಗಳೆಲ್ಲ ಸೊನ್ನೆಯಿಂದ ಹತ್ತರ ತನಕದ ಅಂಕಿ, ಇಲ್ಲವೇ ಹೌದು-ಅಲ್ಲ. ಕ್ಲೆಮ್‌ನ ಒಪ್ಪಿಗೆ ಪಡೆದು ಮಧ್ಯಾಹ್ನ ಎರಡಕ್ಕೆ ಅವನ ನಮೂನೆ ಕಳಿಸಿದಳು. ಅದನ್ನು ತುಂಬಿದ್ದು ಆರನೇ ತಾರೀಖು ಗುರುವಾರ, ಮಧ್ಯಾಹ್ನ ಎರಡು ಐವತ್ತೆರಡಕ್ಕೆ. ನೋವು ಏಳು, ಮೂರು. ಕೊನೆಯಲ್ಲಿ ಬೇರೇನಾದರೂ ಹೇಳುವುದಿದೆಯೇ ಎಂಬ ಜಾಗದಲ್ಲಿ 'ಏನಿಲ್ಲ' ಎಂದಿತ್ತು. ವಾಹನ ಓಡಿಸುತ್ತೀರಾ ಎಂಬುದಕ್ಕೆ 'ಇಲ್ಲ' ಎಂದಿತ್ತು.

"ಸತ್ತ ಕುರಿ ಎಲ್ಲೂ ಇಲ್ವಲ್ಲ ಸಾರ್ಜ್," ಅಂದ ಫಾಮ್.

ಸತ್ತ ಕುರಿಯೂ ಇರಲಿಲ್ಲ, ಲಾರಿಯೂ ಇರಲಿಲ್ಲ. ಕಾಗದ ಬರೆದವರಿಗೆ ನಮೂನೆಯಲ್ಲಿ ಬರೆದದ್ದು ಗೊತ್ತಿರಲಿಲ್ಲ. ಬರೆಯುವ ಮೊದಲು ಆಡಿದ ಮಾತು ಗೊತ್ತಿತ್ತು. ಬೀರು ತೆಗೆದು ನೋಡಿದೆ ಎಂದ ಆವಿಸ್‌ಳ ಮುಖ ಡೆಲಿಯಾಗೆ ನೆನಪಾಯಿತು.

ಬುಧವಾರ ಬೆಳಿಗ್ಗೆ ಆರು ಹತ್ತಕ್ಕೆ ಆವಿಸ್‌ಳಿಂದ ಫೋನು ಬಂತು. ಡೆಲಿಯಾ ಮತ್ತು ಫಾಮ್ ಹೋಗಿ ನೋಡಿದಾಗ ಝಾಡೋ ಹೊಲದ ಉತ್ತರ ಬೇಲಿಯ ಪಕ್ಕ, ನಿಂತ ಗೋಧಿಯಿಂದ ನಾಲ್ಕು ಹೆಜ್ಜೆ ಈಚೆ, ಚಾಪೆಯಷ್ಟಗಲ ಒಣಹುಲ್ಲು ಸುಟ್ಟು ಕಪ್ಪಾಗಿತ್ತು. ಮೇಲೆ ನೀರು ಸುರಿದ ಗುರುತಿತ್ತು, ಬೂದಿ ಹೆಪ್ಪುಗಟ್ಟಿತ್ತು. ಕ್ಲೆಮ್ ಬೇಲಿಯ ಗೂಟ ಹಿಡಿದುಕೊಂಡು ನಿಂತಿದ್ದ. ಅರವತ್ತೆಂಟರ ದೊಡ್ಡ ಆಳು, ಬೂದಿಯನ್ನು ನೋಡುವುದು ಬಿಟ್ಟು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಮತ್ತೆ ಮತ್ತೆ ಮುಖ ತಿರುಗಿಸಿ ನೋಡುತ್ತಿದ್ದ.

"ಲೈಸೆನ್ಸ್ ತಗೋ ಡೆಲಿಯಾ," ಎಂದು ಜೇಬಿಗೆ ಕೈ ಹಾಕಿದ. "ತಗೊಂಡೆ ಅಂತ ಊರಿಗೆಲ್ಲ ಹೇಳು. ಶುಕ್ರವಾರದ ಒಳಗೆ ಹೇಳಿಬಿಡು."

"ಇಟ್ಕೊಳ್ಳಿ ಕ್ಲೆಮ್. ಹೆದರಿಸಿ ಕೊಡಿಸಿದ್ದನ್ನ ನಾನು ತಗೊಳ್ಳಲ್ಲ."

ಫಾಮ್ ಸುಟ್ಟ ಜಾಗವನ್ನು ಅಳೆದು, ಚಿತ್ರ ತೆಗೆದು, ಬೂದಿಯನ್ನು ಡಬ್ಬಿಗೆ ತುಂಬಿದ. ಪಕ್ಕದ ಹೊಲದವನನ್ನು ಸಾಕ್ಷಿಗೆ ಕರೆದು ಏಳು ಇಪ್ಪತ್ತಕ್ಕೆ ಮಹಜರು ಮುಗಿಸಿದರು. ಮರಳಿನ ದಾರಿಯಲ್ಲಿ ಟೈರಿನ ಗುರುತೊಂದಿತ್ತು. ಎರಡು ಬೆರಳಗಲದ್ದು, ಒಂದೇ ಗೆರೆ. ಸೈಕಲ್ಲಿನದು. ಹೊಲದಿಂದ ಹೊಲಕ್ಕೆ ಹತ್ತು ಕಿಲೋಮೀಟರ್ ಇರುವ ಈ ಕಡೆ ಸೈಕಲ್ ತುಳಿಯುವವರು ಯಾರು ಎಂದು ಸಾಕ್ಷಿಗೆ ಬಂದವನು ಗಟ್ಟಿಯಾಗಿಯೇ ಕೇಳಿದ. ಯಾವುದೋ ಒಂದು ಹೆಸರು ಡೆಲಿಯಾಳ ನಾಲಗೆಯ ತುದಿಗೆ ಬಂದಂತಾಗಿ ಹಿಂದಕ್ಕೆ ಹೋಯಿತು.

ಅಡುಗೆಮನೆಯಲ್ಲಿ ಆವಿಸ್ ಚಹಾ ಕೊಟ್ಟಳು. ಆರನೇ ತಾರೀಖು ನಮೂನೆ ಎಲ್ಲಿ ಕೂತು ತುಂಬಿದಿರಿ ಎಂದು ಡೆಲಿಯಾ ಕೇಳಿದಳು. ಇದೇ ಮೇಜು, ಇದೇ ಕಂಪ್ಯೂಟರು. ಮನೆಯಲ್ಲಿ ಬೇರೆ ಯಾರಿದ್ದರು? ಯಾರೂ ಇಲ್ಲ. ಬಂದವರು? ಸುಗ್ಗಿಯಲ್ಲಿ ಯಾರು ಬರುತ್ತಾರೆ, ನೊಣ ಬಿಟ್ಟರೆ.

"ಕ್ಲೆಮ್ ಯಾವ ಕಡೆ ಕೂತಿದ್ರು?"

"ಕ್ಲೆಮ್ ಎಲ್ಲಿ ಕೂತಿದ್ರು? ಅವರು ಹೊಲದಲ್ಲಿ, ಯಂತ್ರದ ಮೇಲೆ. ಆವತ್ತೇ ಕೊನೇ ದಿನ, ತುಂಬದಿದ್ರೆ ಜ್ಞಾಪನ ಕಳಿಸ್ತಾರೆ ಅಂತ—"

ಅಲ್ಲಿಗೆ ಆವಿಸ್ ನಿಂತಳು. ಅವಳ ಕಣ್ಣು ಕಿಟಕಿಯ ಮೇಲಿದ್ದ, ಎರಡು ಕಡೆಯಿಂದಲೂ ಮಾತಾಡುವ ರೇಡಿಯೋ ಸೆಟ್ಟಿನ ಮೇಲೆ ಹೋಯಿತು. ಮೊಬೈಲು ಸಿಗದ ಈ ಸೀಮೆಯಲ್ಲಿ ಪ್ರತಿ ಅಡುಗೆಮನೆಯಲ್ಲೂ, ಪ್ರತಿ ಯಂತ್ರದಲ್ಲೂ ಅಂಥದೊಂದು ಇರುತ್ತದೆ. ಊಟ ಕಳಿಸಲೇ, ಕುರಿ ಬೇಲಿ ದಾಟಿದೆ, ಡೀಸೆಲ್ ಮುಗಿಯಿತು, ಎಲ್ಲವೂ ಅದರಲ್ಲೇ. ಮನೆಗೊಂದು ಚಾನೆಲ್. ಝಾಡೋಗಳದ್ದು ಇಪ್ಪತ್ತಾರು, ಕ್ಲೆಮ್‌ನ ಅಪ್ಪನ ಕಾಲದಿಂದ.

"ಅಂದ್ರೆ ನೀವು ಪ್ರಶ್ನೆನೆಲ್ಲ ಅದರಲ್ಲಿ ಓದಿದ್ರಾ?" ಎಂದ ಫಾಮ್. "ಬೇರೆಯವರಿಗೆ ಕೇಳಿಸಲ್ವಾ?"

"ಅದು ನಮ್ಮ ಚಾನೆಲಪ್ಪ," ಅಂದಳು ಆವಿಸ್, ನಮ್ಮ ಮನೆ ಬಾಗಿಲು ಅನ್ನುವ ಹಾಗೆ.

ಇಪ್ಪತ್ತು ಕಿಲೋಮೀಟರ್ ಸುತ್ತಮುತ್ತ ಗುಂಡಿ ತಿರುಗಿಸಿದ ಯಾರಿಗೂ ಕೇಳಿಸುತ್ತದೆ. ಅದು ಆವಿಸ್‌ಗೆ ಗೊತ್ತಿರಲಿಲ್ಲವೆಂದಲ್ಲ. ಐವತ್ತು ವರ್ಷ ಬೇರೆಯವರು ಕಾಲಿಡದ ಚಾನೆಲ್ ತನ್ನ ಮನೆಯದೇ ಕೋಣೆಯಾಗಿಬಿಟ್ಟಿತ್ತು. ಡೆಲಿಯಾಳ ತಾಯಿಯ ಮನೆಯದು ಹದಿನಾಲ್ಕು. ತಂಗಿಗೆ ಗರ್ಭ ಹೋದ ಸುದ್ದಿಯನ್ನು ತಾಯಿ ಅಪ್ಪನಿಗೆ ಹೇಳಿದ್ದು ಅದರಲ್ಲೇ. ನಿನ್ನೆಯೇ ಹೊಳೆಯಬೇಕಿತ್ತು ತನಗೆ.

ಅಂದು ಆಡಿದ ಮಾತನ್ನು ಆವಿಸ್ ತಡೆತಡೆದು ನೆನಪಿಸಿಕೊಂಡಳು. ನಿದ್ದೆ? ಸತ್ತ ಕುರಿ ಹಾಗೆ ಬಿದ್ದಿರ್ತೀನಿ ಅಂತ ಬರಿ. ವಾಹನ ಓಡಿಸುತ್ತೀರಾ? ಇಲ್ಲ ಅಂತ ಒತ್ತು. ಈಗ ತಾನೇ ಸೈಲೋಗೆ ಲಾರಿ ಹೊಡ್ಕೊಂಡು ಹೋಗಿ ಬಂದ್ರಲ್ಲ ಮುದುಕಪ್ಪ. ಆಮೇಲೆ ಇಬ್ಬರೂ ನಕ್ಕಿದ್ದರು, ತುಂಬ ಹೊತ್ತು.

ಉಳಿದದ್ದು ತೇವದ ಅಂಕಿ. ಕ್ಲೆಮ್ ಸೈಲೋದ ಚೀಟಿಗಳನ್ನು ಓದದೆ ಲಾರಿಯ ಮುಂಗಾಜಿನ ಮೇಲೆ ಸಿಕ್ಕಿಸುವವನು. ಫಾಮ್ ಒಂದೊಂದಾಗಿ ಬಿಡಿಸಿ ನೋಡಿದ. ಹದಿನೈದನೇ ತಾರೀಖು ಶನಿವಾರ ಸಂಜೆ ನಾಲ್ಕು ಮೂವತ್ತೈದರ ಚೀಟಿಯಲ್ಲಿ ಒಂಬತ್ತು ಪಾಯಿಂಟ್ ಒಂದು ಎಂದಿತ್ತು. ಆ ಅಂಕಿ ಇನ್ನೊಂದು ಕಡೆ ಮಾತ್ರ ಇರುತ್ತದೆ: ಸೈಲೋ ಬಾಗಿಲಲ್ಲಿ ಕಾಳಿನ ಮಾದರಿ ತೆಗೆದು ಪರೀಕ್ಷಿಸುವ ಗೂಡಿನಲ್ಲಿ. ಲಾರಿಗಳನ್ನು ಕರೆಯಲು ಆ ಗೂಡಿನಲ್ಲೂ ರೇಡಿಯೋ ಉಂಟು, ಎಲ್ಲ ಚಾನೆಲನ್ನೂ ತಡಕುತ್ತಲೇ ಇರುವಂಥದ್ದು.

ಹನ್ನೊಂದೂವರೆಗೆ ಟಪಾಲು ವ್ಯಾನಿನ ಲೈಲ್ ದಾರಿಯಲ್ಲಿ ಸಿಕ್ಕ. ಅಂಚೆಚೀಟಿ ಇಲ್ಲದ ಕಾಗದ ಹಾಕಿದ್ದು ತಾನೇ ಎಂದು ತಡವರಿಸದೆ ಒಪ್ಪಿಕೊಂಡ. ಸೋಮವಾರ ಮತ್ತು ಬುಧವಾರ ಸೈಲೋ ಗೂಡಿನವರು ರೈತರಿಗೆ ಕಳಿಸುವ ಸೂಚನೆಗಳನ್ನು ತಟ್ಟೆಯಲ್ಲಿಡುತ್ತಾರೆ. ಹೇಗೂ ಹೋಗುವ ದಾರಿ, ಅವನು ಡಬ್ಬಿಗಳಿಗೆ ಹಾಕಿಕೊಂಡು ಹೋಗುತ್ತಾನೆ.

"ಅಂಚೆ ಇಲಾಖೆಗೆ ಹೇಳ್ಬೇಡ ಮತ್ತೆ. ಈ ಪದ್ಧತಿ ನಂದಲ್ಲ. ಈ ದಾರಿ ರೋಮಾ ಲೀನರ್ಟ್ ಓಡಿಸ್ತಿದ್ದಾಗ ಅವಳು ಶುರು ಮಾಡಿದ್ದು. ಈಗ ಅವಳೇ ಗೂಡಲ್ಲಿ ಕೂತಿದ್ದಾಳೆ, ಕೊಡೋಳೂ ಅವಳೇ."

ನಾಲಗೆಯ ತುದಿಯಿಂದ ಹಿಂದೆ ಹೋಗಿದ್ದ ಹೆಸರು ಅದು.

ಠಾಣೆಗೆ ಬಂದು ಡೆಲಿಯಾ ಕಳೆದ ವರ್ಷದ ತನ್ನ ದಿನಚರಿ ತೆಗೆದಳು. ಫಾಮ್‌ನ ಎದುರಿಗೆ ತೆಗೆಯಲಿಲ್ಲ. ಒಳಗಿನ ಕೋಣೆಗೆ ಒಯ್ದಳು. ನವೆಂಬರ್ ಇಪ್ಪತ್ತೊಂದು, ಬೆಳಿಗ್ಗೆ ಎಂಟು ನಲವತ್ತು, ಯಲಾಂಬಿ ತಿರುವು. ರೋಮಾ ಲೀನರ್ಟ್, ಐವತ್ತೆಂಟು, ಟಪಾಲು ಗುತ್ತಿಗೆದಾರಳು. ಎಂಜಲು ಪರೀಕ್ಷೆ. 'ಕೈಗಳ ಸಂಧಿವಾತಕ್ಕೆ ವೈದ್ಯರು ಬರೆದ ಗಾಂಜಾ ಎಣ್ಣೆ ಹಿಂದಿನ ಸಂಜೆ ತೆಗೆದುಕೊಂಡಿದ್ದಾಗಿ ತಾನೇ ಹೇಳಿದಳು.' ಮೂರು ತಿಂಗಳ ಲೈಸೆನ್ಸ್ ಅಮಾನತು. ಕೆಳಗೆ ಸಹಿ ಡೆಲಿಯಾಳದ್ದೇ. ಆ ಹೆಂಗಸಿನ ಮುಖ ನೆನಪಿಸಿಕೊಳ್ಳಲು ನೋಡಿದಳು. ಸ್ಟೀರಿಂಗಿನ ಮೇಲಿದ್ದ ಗಂಟು ಗಂಟಾದ ಬೆರಳು ಮಾತ್ರ ನೆನಪಾಯಿತು.

ವಾರಂಟು ನದಿಯ ಪಕ್ಕದ ಊರಿನ ನ್ಯಾಯಾಲಯದಿಂದ ಬರಲು ಮರುದಿನ ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಫಾಮ್ ಝಾಡೋ ಹೊಲದ ಬಳಿ ಕಾರಿನಲ್ಲಿ ಕೂತಿದ್ದ. ಆವಿಸ್ ನೀರಿನ ಟ್ಯಾಂಕಿನ ಗಾಡಿಯನ್ನು ಬೇಲಿಗೆ ತಂದು ನಿಲ್ಲಿಸಿ, ಪೈಪನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೇ ಕೂತುಬಿಟ್ಟಿದ್ದಳು. ಊಟಕ್ಕೂ ಇಳಿಯಲಿಲ್ಲ. ಪಟ್ಟಣದ ಹುಡುಗನಿಗೆ ಬೆಂಕಿ ಅಂದರೆ ಸಿಗರೇಟು ಹಚ್ಚುವುದು, ನೀನೇನು ಆರಿಸುತ್ತೀಯ ಎಂದು ಫಾಮ್‌ನನ್ನು ಆಡಿಕೊಂಡಳಂತೆ. ಆದರೆ ದಾರಿಯಲ್ಲಿ ಧೂಳು ಎದ್ದಾಗಲೆಲ್ಲ ಪೈಪಿನ ಮೂತಿ ಮೇಲೇಳುತ್ತಿತ್ತು.

ಗುರುವಾರ, ಇಪ್ಪತ್ತನೇ ತಾರೀಖು ಸಂಜೆ ನಾಲ್ಕು ಹತ್ತಕ್ಕೆ ಡೆಲಿಯಾ ಸೈಲೋದ ಗೂಡಿನ ಮೆಟ್ಟಿಲು ಹತ್ತಿದಳು. ಗೂಡಿನ ಹಿಂದೆ ಸೈಕಲ್ ಒರಗಿತ್ತು. ಒಳಗೆ ರೇಡಿಯೋ ಒಂದೊಂದೇ ಚಾನೆಲಿನ ಮೇಲೆ ನಿಂತು ಮುಂದೆ ಹೋಗುತ್ತಿತ್ತು. ಯಾರೋ ಹೆಂಡತಿಗೆ ತಣ್ಣೀರು ಕಳಿಸು ಅಂದರು, ಯಾರೋ ಕೆಮ್ಮಿದರು. ರೋಮಾ ಲೀನರ್ಟ್ ಗೋಧಿಯ ಡಬ್ಬಿ ಹಿಡಿದು ನಿಂತಿದ್ದಳು. ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು, ಬೆರಳು ಮಡಚುತ್ತಿರಲಿಲ್ಲ. ಕಪ್ಪು ಪೆನ್ನು ಮೇಜಿನ ಮೇಲೇ ಇತ್ತು.

"ಈ ಲಾರಿ ಒಂದು ಮುಗಿಸ್ತೀನಿ," ಅಂದಳು. "ಪಾಪ, ಬಿಸಿಲಲ್ಲಿ ನಿಂತಿದ್ದಾನೆ."

ಮುಗಿಸಿದಳು. ಚೀಟಿ ಹರಿದು ಕೊಟ್ಟಳು. ನಾಲ್ಕು ಹದಿನೆಂಟಕ್ಕೆ ಡೆಲಿಯಾ ಬಂಧನದ ಮಾತುಗಳನ್ನು ಓದಿ ಹೇಳಿದಳು. ಪೆನ್ನು, ಕಾಗದದ ಕಟ್ಟು, ಸೈಕಲ್ಲು, ಬುಟ್ಟಿಯಲ್ಲಿದ್ದ ಬೆಂಕಿಪೊಟ್ಟಣ ಮತ್ತು ನೀರಿನ ಬಾಟಲಿ ವಶವಾದವು.

ಠಾಣೆಯಲ್ಲಿ ರೋಮಾ ವಕೀಲರು ಬೇಡವೆಂದಳು. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ. ಕಾಗದ ಬರೆದದ್ದು ನಾನು. ಮಂಗಳವಾರ ಸಂಜೆ ಹೊಲಕ್ಕೆ ಹೋದದ್ದೂ ನಾನು.

"ಶುಕ್ರವಾರ ಬೆಂಕಿ ಇಡ್ತಿದ್ರಾ?"

"ಮಂಗಳವಾರ ಇಟ್ಟು ನೋಡ್ದೆ. ಮೊಣಕಾಲೆತ್ತರ ಎದ್ದಾಗ ಹೆದರಿ ನೀರು ಸುರಿದೆ. ನಾಳೆ ಹೆದರ್ತಿದ್ನೋ ಇಲ್ವೋ ಗೊತ್ತಿಲ್ಲ ಡೆಲಿಯಾ. ಅದು ಗೊತ್ತಿಲ್ಲದೇ ಇರೋದಕ್ಕೇ ಎರಡು ದಿನದಿಂದ ನಿದ್ದೆ ಬಂದಿಲ್ಲ."



ಉಳಿದದ್ದನ್ನು ಯಾರೂ ಕೇಳದೆಯೇ ಹೇಳಿದಳು. ಲೈಸೆನ್ಸ್ ಹೋದ ವಾರವೇ ಟಪಾಲಿನ ಗುತ್ತಿಗೆ ಹೋಯಿತು. ಗಂಡ ಹೆಡ್ಲಿ ನೂರಹತ್ತು ಕಿಲೋಮೀಟರ್ ದೂರದ, ನದಿಯ ಪಕ್ಕದ ಊರಿನ ಆಸ್ಪತ್ರೆಯಲ್ಲಿದ್ದ. ಬಸ್ಸು ವಾರಕ್ಕೊಂದು. ಸುಗ್ಗಿಯ ದಿನಗಳಲ್ಲಿ ಕರೆದುಕೊಂಡು ಹೋಗಿ ಅಂತ ಯಾರನ್ನು ಕೇಳುವುದು. ಜನವರಿ ಒಂಬತ್ತಕ್ಕೆ ಅವನು ತೀರಿಹೋದ. ಫೆಬ್ರವರಿಯಲ್ಲಿ ಲೈಸೆನ್ಸ್ ವಾಪಸ್ ಬಂತು. ಹನಿ ಬಿಟ್ಟರೆ ಬೆರಳು ಬಿಡಿಸಲಾಗದು, ಹನಿ ಹಾಕಿದರೆ ಗಾಡಿ ಮುಟ್ಟುವ ಹಾಗಿಲ್ಲ. ಕಾರು ಮಾರಿ ಸೈಕಲ್ ತೆಗೆದುಕೊಂಡಳು. ಆ ನೋಂದಣಿಯಲ್ಲಿ ಅವಳ ಹೆಸರೂ ಇತ್ತು. ಮೂರು ತಿಂಗಳಿಗೊಮ್ಮೆ ವಾಹನ ಓಡಿಸುತ್ತೀರಾ ಎಂಬ ಪ್ರಶ್ನೆ ಬಂದಾಗ ಇಲ್ಲ ಎಂದು ಒತ್ತುತ್ತಿದ್ದಳು. ಅವಳದು ನಿಜವಾದ ಇಲ್ಲ.

"ಆವತ್ತು ನೀನು ಕೇಳ್ದೆ, ನಾನು ನಿಜ ಹೇಳ್ದೆ. ನನ್ನ ಹಿಂದೇನೇ ಕ್ಲೆಮ್ ಲಾರಿ ನಿಂತಿತ್ತು, ಗೋಧಿ ತುಂಬ್ಕೊಂಡು. ನೀನು ಕೈ ಬೀಸಿ ಹೋಗು ಅಂದೆ. ಆಗ ಅದು ನನಗೇನೂ ಅನ್ನಿಸ್ಲಿಲ್ಲ. ಅವನೂ ಅದೇ ಹನಿ ಹಾಕ್ತಾನೆ ಅಂತ ಗೊತ್ತಿರ್ಲಿಲ್ಲ." ರೋಮಾ ತನ್ನ ಕೈಗಳನ್ನು ನೋಡಿಕೊಂಡಳು. "ಎರಡು ವಾರದ ಹಿಂದೆ ರೇಡಿಯೋದಲ್ಲಿ ಗೊತ್ತಾಯ್ತು. ಇಲ್ಲ ಅಂತ ಒತ್ತು ಅಂದ. ಆಮೇಲೆ ನಕ್ಕರು. ಅವರು ನಗದೇ ಇದ್ದಿದ್ರೆ..."

ಫಾಮ್ ಆ ಅರ್ಧ ವಾಕ್ಯವನ್ನು ಹಾಗೇ ಬರೆದುಕೊಂಡ. ಕೈ ಬೀಸಿದ್ದು ಡೆಲಿಯಾಗೆ ನೆನಪಿರಲಿಲ್ಲ. ಸುಗ್ಗಿಯಲ್ಲಿ ತುಂಬಿದ ಲಾರಿಯನ್ನು ಯಾರೂ ನಿಲ್ಲಿಸುವುದಿಲ್ಲ. ಅವಳೂ ನಿಲ್ಲಿಸಿರಲಾರಳು. ದಿನಚರಿಯಲ್ಲಿ ಅದು ಇರಲಿಲ್ಲ, ಏಕೆಂದರೆ ನಿಲ್ಲಿಸದ್ದನ್ನು ಅದರಲ್ಲಿ ಬರೆಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆರೋಪಿಯನ್ನು ಕರೆದುಕೊಂಡು ಹೊರಟರು. ಫಾಮ್ ಓಡಿಸುತ್ತಿದ್ದ. ಉತ್ತರದ ಗಾಳಿ ಕಾರನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಆಕಾಶ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನಿಷೇಧದ ದಿನವಾದ್ದರಿಂದ ಯಂತ್ರಗಳೆಲ್ಲ ನಿಂತಿದ್ದವು. ಝಾಡೋ ಹೊಲದ ಗೋಧಿ ಅಲೆಯಲೆಯಾಗಿ ಬಾಗಿ ಏಳುತ್ತಿತ್ತು, ಒಂದು ತೆನೆಯೂ ಸುಟ್ಟಿರಲಿಲ್ಲ. ರೋಮಾ ಅದು ಹಿಂದೆ ಸರಿದು ಮರೆಯಾಗುವ ತನಕ ಅತ್ತಲೇ ನೋಡಿದಳು.

ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಕ್ಲೆಮ್ ಲೈಸೆನ್ಸ್ ತಗೊಂಡ್ಯಾ?"

"ಇಲ್ಲ," ಅಂದಳು ಡೆಲಿಯಾ.

ಮುಂದಿನ ವಾರ ಕರೆಸಿ ವಿಚಾರಿಸಬೇಕು ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದಳು. ಬೇಲಿಯ ಗೂಟ ಹಿಡಿದು ನಿಂತಿದ್ದ ಮುದುಕನ ಬಾಯಿಗೆ ಎಂಜಲು ಪರೀಕ್ಷೆಯ ಕಡ್ಡಿ ಇಡುವುದು ತನ್ನಿಂದ ಆಗುವುದಿಲ್ಲ ಎಂಬುದೂ ಗೊತ್ತಿತ್ತು. ಹೋದ ವರ್ಷ ಅದೇ ಕಡ್ಡಿಯನ್ನು ಇನ್ನೊಬ್ಬಳ ಬಾಯಿಗೆ ಹಿಂದೆಮುಂದೆ ನೋಡದೆ ಇಟ್ಟಿದ್ದಳು. ಏನಾದರೂ ಹೇಳಬೇಕೆನ್ನಿಸಿತು. ಹೇಳಲು ಹೊರಟದ್ದೆಲ್ಲ ಕಾನೂನಿನ ಮಾತಾಗಿ ಬಾಯಿಗೆ ಬಂತು. ನುಂಗಿಕೊಂಡಳು.

ನದಿಯ ಪಕ್ಕದ ಊರು ಬಂತು. ನ್ಯಾಯಾಲಯಕ್ಕೆ ಎರಡು ಬೀದಿ ಮೊದಲು ಆಸ್ಪತ್ರೆಯ ಗೇಟು. ಡೆಲಿಯಾ ಫಾಮ್‌ಗೆ ನಿಧಾನ ಮಾಡು ಎಂದಳು. ಆರೋಪಿಯೊಂದಿಗೆ ಹೋಗುವಾಗ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ, ಆದರೂ ನಿಧಾನ ಮಾಡಿದ.

"ಐದು ನಿಮಿಷ ನಿಲ್ಲಿಸಬಹುದು," ಎಂದಳು ಡೆಲಿಯಾ ಹಿಂದಕ್ಕೆ ತಿರುಗದೆ.

ರೋಮಾ ಗೇಟನ್ನು ನೋಡಿದಳು. ಬಾಗಿಲ ಬಳಿ ಯಾರೋ ಹೂವಿನ ಕಟ್ಟು ಹಿಡಿದುಕೊಂಡು ಗಾಳಿಗೆ ಬೆನ್ನು ಮಾಡಿ ನಿಂತಿದ್ದರು.

"ಜನವರಿಯಲ್ಲಿ ನಿಲ್ಲಿಸಬೇಕಿತ್ತು," ಅಂದಳು. "ನಡಿ."

ಹನ್ನೊಂದು ಇಪ್ಪತ್ತೈದಕ್ಕೆ ಆರೋಪಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲಾಯಿತು.